ಗಣಕ ಪದಕೋಶದಲ್ಲಿ ಕೀಲಿಪದದ ಶೋಧ

ಮುದ್ರಿತ ನಿಘಂಟಿನಲ್ಲಿ ಅಕಾರಾದಿ ಕ್ರಮವೇ ಓದುಗನಿಗೆ ದಾರಿ. ಪೈಥಾನ್ ಗಣಕಭಾಷೆಯ ‘ಡಿಕ್ಷನರಿ’ ಎಂಬ ದತ್ತಾಂಶ ರಚನೆಗೆ ಈ ಕ್ರಮ ಬೇಕಿಲ್ಲ. ಕೀಲಿಪದದಿಂದ ಗಣಿಸಿದ ‘ಹ್ಯಾಶ್’ ಸಂಖ್ಯೆಯೇ ಮೌಲ್ಯದ ಸ್ಥಾನವನ್ನು ಸೂಚಿಸುತ್ತದೆ. ಒಂದು ಕೀಲಿಯ ಮೌಲ್ಯವು ಮತ್ತೊಂದು ಡಿಕ್ಷನರಿಯೇ ಆಗಿರಬಹುದು. ಕನ್ನಡ ಪದಕೋಶವೊಂದನ್ನು ಹೀಗೆ ಅಳವಡಿಸಿದಾಗ ಕೋಶ['ಕೊಡೆ']['ನಾಮಪದ']['ಅರ್ಥ'] ಎಂಬ ಉಕ್ತಿಯು ಪದದಿಂದ ವ್ಯಾಕರಣ ವರ್ಗಕ್ಕೆ, ಅಲ್ಲಿಂದ ಅರ್ಥಕ್ಕೆ ಹಂತಹಂತವಾಗಿ ಇಳಿಯುತ್ತದೆ.

ಯಾವುದೇ ಹಂತದ ಕೀಲಿ ಇಲ್ಲದಿದ್ದರೆ ‘ಕೀ ಎರರ್’ ಉಂಟಾಗಿ ಕ್ರಮವಿಧಿ ನಿಲ್ಲುತ್ತದೆ. ‘ಗೆಟ್’ ವಿಧಾನವು ದೋಷದ ಬದಲು ‘ನನ್’ ಎಂಬ ಶೂನ್ಯಮೌಲ್ಯವನ್ನು ನೀಡುತ್ತದೆ. ಆದರೆ ಆ ಶೂನ್ಯದ ಮೇಲೆ ಪುನಃ ‘ಗೆಟ್’ ಪ್ರಯೋಗಿಸಿದರೆ ಬೇರೊಂದು ದೋಷ ತಲೆದೋರುತ್ತದೆ. ಆದ್ದರಿಂದ ಮಧ್ಯದ ಹಂತಗಳಲ್ಲಿ ಬರಿದಾದ ಡಿಕ್ಷನರಿಯೊಂದನ್ನು ಪರ್ಯಾಯ ಮೌಲ್ಯವಾಗಿ ಕೊಡುವುದು ರೂಢಿ.

ಕನ್ನಡದ ಸಂದರ್ಭದಲ್ಲಿ ಇನ್ನೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ‘ಎ’ ಮತ್ತು ‘ಊ’ ಸ್ವರಚಿಹ್ನೆಗಳ ಜೋಡಿಯಾಗಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ ಕೀಲಿಗಳು. ಆಗ ಕೋಶದಲ್ಲಿರುವ ಪದವೇ ಇಲ್ಲವೆಂದಾಗುತ್ತದೆ. ‘ಗೆಟ್’ ಬಳಸಿದ್ದಲ್ಲಿ ಆ ಲೋಪವು ಸದ್ದಿಲ್ಲದೆ ಸಂಶೋಧಕನ ಪದಗಣತಿಯನ್ನು ಸೇರುತ್ತದೆ. ಆದುದರಿಂದ ಪದಗಳನ್ನು ಸೇರಿಸುವಾಗಲೂ ಹುಡುಕುವಾಗಲೂ ಅವನ್ನು ಯೂನಿಕೋಡ್ ನಿಗದಿಪಡಿಸಿರುವ ‘ಎನ್‌ಎಫ್‌ಸಿ’ ರೂಪಕ್ಕೆ ತರುವುದು ಅವಶ್ಯ.