ಕೈಮುಗಿದು ಕಾದ ದೊರೆ

ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಮೊದಲು ಇದ್ದ ಹೆಸರು ಕಡೂರು ಜಿಲ್ಲೆ. ಅದು ಹುಟ್ಟಿದ್ದು 1863ರಲ್ಲಿ. ಅದೇ ವರ್ಷ ಫೆಬ್ರುವರಿ 22ರಂದು ಮೈಸೂರಿನಲ್ಲಿ ಬೆಟ್ಟದಕೋಟೆ ಅರಸು ಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಎರಡು ವರ್ಷದ ಮೇಲೆ, 1865ರಲ್ಲಿ, ಜಿಲ್ಲೆಯ ಕಚೇರಿಗಳು ಕಡೂರಿನಿಂದ ಚಿಕ್ಕಮಗಳೂರಿಗೆ ವರ್ಗವಾದವು. ಆ ವರ್ಷವೇ ಮಗುವೂ ಮನೆ ಬದಲಾಯಿಸಿತು. ಎಪ್ಪತ್ತು ದಾಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ದತ್ತು ತೆಗೆದುಕೊಂಡಿದ್ದರು.

ಇವೆರಡೂ ಒಟ್ಟೊಟ್ಟಿಗೆ ಬಂದದ್ದು ಕಾಕತಾಳೀಯವೇ ಸರಿ. ಆದರೆ ಕಡೂರು, ತರೀಕೆರೆ ಸೀಮೆಗೂ ಆ ದತ್ತಕಕ್ಕೂ ಇರುವ ನಂಟು ಕಾಕತಾಳೀಯವಲ್ಲ. ಒಬ್ಬ ತಂದೆ ಮಗನನ್ನು ಪಡೆಯಲು ಸರಕಾರದೊಡನೆ ಅಷ್ಟು ಹೆಣಗಬೇಕಾಗಿ ಬಂದದ್ದರ ಬೇರು ಒಂದು ಕಡೆ ತರೀಕೆರೆಯ ಕಾಡಿನಲ್ಲಿಯೇ ಇದೆ.

ತರೀಕೆರೆಯಿಂದ ಎದ್ದ ಹೊಗೆ

1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ದಂಗೆ ಎದ್ದರು. ತಾನು ನಗರದ ಹಳೆಯ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದ. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕ ಜೊತೆಗೂಡಿದ. ಅದೇ ಮನೆತನದ ಸರ್ಜಾ ಹನುಮಪ್ಪನಾಯಕನ ಹೆಸರು ಈ ಕಡೆಯ ಹಿರಿಯರಿಗೆ ಇಂದಿಗೂ ಅಪರಿಚಿತವಲ್ಲ. ದಂಗೆ ಅಡಗಿತು, ಆದರೆ ಅದನ್ನೇ ನೆಪಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ದೊರೆಯ ಕೈಯಿಂದ ಕಿತ್ತುಕೊಂಡ. ತನಿಖೆ ನಡೆಸಲು ಸಮಿತಿ ನೇಮಕವಾದದ್ದು ಆಮೇಲೆ! ಶಿಕ್ಷೆ ಮೊದಲು, ವಿಚಾರಣೆ ನಂತರ.

ಮುಮ್ಮಡಿ ಕೃಷ್ಣರಾಜರಿಗೆ ಆಗ ಮೂವತ್ತೇಳು ವರ್ಷ. ಪಟ್ಟಕ್ಕೇರಿದಾಗ ಅವರಿನ್ನೂ ಐದು ತುಂಬದ ಹುಡುಗ. ಅದು 1799ರ ಜೂನ್ 30, ಶ್ರೀರಂಗಪಟ್ಟಣ ಬಿದ್ದ ಎರಡು ತಿಂಗಳೊಳಗೆ. ಆಡಳಿತ ಹೋದಮೇಲೆ ಅವರು ಮೂವತ್ತೇಳು ವರ್ಷ ಬದುಕಿದರು. ರಾಜ್ಯವನ್ನು ಹಿಂದಿರುಗಿಸಿರೆಂದು ಒಬ್ಬರ ಮೇಲೊಬ್ಬರಂತೆ ಬಂದ ಗವರ್ನರ್ ಜನರಲ್‌ಗಳಿಗೆ ಬರೆಯುತ್ತಲೇ ಇದ್ದರು. ಉತ್ತರ ಪ್ರತಿಸಲವೂ ಒಂದೇ ಆಗಿತ್ತು.

ಅದರ ಮೇಲೆ, ಪಟ್ಟಕ್ಕೆ ಬಾಧ್ಯನಾದ ಮಗನಿಲ್ಲ. ಮಕ್ಕಳಿಲ್ಲದ ದೊರೆಗಳ ಗತಿ ಏನಾಗುತ್ತಿತ್ತೆಂಬುದಕ್ಕೆ ಕನ್ನಡ ನಾಡಿನಲ್ಲೇ ಉದಾಹರಣೆ ಇತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಹೋದದ್ದರಿಂದಲೇ ರಾಣಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ಸಾತಾರಾ, ಝಾನ್ಸಿ, ನಾಗಪುರ ಇದೇ ದಾರಿ ಹಿಡಿದವು. 1857ರ ದಂಗೆಯ ತರುವಾಯ ಕ್ಯಾನಿಂಗ್ ಆಳುವ ಅರಸರಿಗೆಲ್ಲ ದತ್ತು ತೆಗೆದುಕೊಳ್ಳುವ ಸನ್ನದು ಕೊಟ್ಟ. ಮೈಸೂರಿಗೆ ಮಾತ್ರ ಕೊಡಲಿಲ್ಲ. ನೀವು ಆಳುತ್ತಿಲ್ಲವಲ್ಲ ಎಂಬುದು ವಾದ. ಆಳ್ವಿಕೆ ಕಿತ್ತುಕೊಂಡವರೇ ಹಾಗೆನ್ನುತ್ತಿದ್ದರು.

ದತ್ತುಮಗನ ಮಗ

ದತ್ತುಮಗನೆಂದರೆ ಯಾರೋ ಏನೋ ಎಂಬ ಅಳುಕು ಮುಮ್ಮಡಿಯವರಿಗೆ ಇರಲು ಸಾಧ್ಯವಿರಲಿಲ್ಲ. ಏಕೆಂದರೆ ಅವರ ತಂದೆ ಖಾಸಾ ಚಾಮರಾಜ ಒಡೆಯರೇ ದತ್ತುಪುತ್ರರು. 1776ರಲ್ಲಿ ಅರಮನೆಯ ನೆಂಟರ ಮಕ್ಕಳಲ್ಲಿ ಒಬ್ಬನನ್ನು ಪಟ್ಟಕ್ಕೆ ಆರಿಸುವಾಗ ಹೈದರಾಲಿ ಸಭೆಯಲ್ಲಿ ಆಟದ ಸಾಮಾನು, ತಿಂಡಿ, ಆಯುಧಗಳನ್ನು ಹರಡಿಸಿದನೆಂದೂ, ಉಳಿದ ಹುಡುಗರು ತಿಂಡಿಗೆ ಮುಗಿಬಿದ್ದಾಗ ಅರಿಕುಠಾರದ ಈ ಮಗು ಕಠಾರಿಗೆ ಕೈ ಹಾಕಿತೆಂದೂ ಕತೆಯಿದೆ. ಕತೆ ಎಷ್ಟು ನಿಜವೋ, ಕೇಳಲು ಸೊಗಸಾಗಿದೆ. ಲಕ್ಷ್ಮಮ್ಮಣ್ಣಿಯವರ ಮಡಿಲಿಗೆ ಬಂದ ಆ ಹುಡುಗ ಅಧಿಕಾರವೊಂದನ್ನೂ ಕಾಣದೆ 1796ರಲ್ಲಿ ತೀರಿಕೊಂಡರು.

ಆ ತಂದೆಯನ್ನು ಮಗ ಮರೆಯಲಿಲ್ಲ. 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನೇ ಇಟ್ಟರು. ಅದೇ ಇವತ್ತಿನ ಚಾಮರಾಜನಗರ. 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಕೃತಜ್ಞತೆ ಎಂಬ ಮಾತನ್ನು ಶಾಲೆಯ ಪಾಠಗಳಲ್ಲಿ ಬಹಳ ಸಲ ಬರೆಸುತ್ತೇವೆ. ಅದನ್ನು ಕಲ್ಲಿನಲ್ಲಿ ಕಾಣಬೇಕೆನ್ನುವ ವಿದ್ಯಾರ್ಥಿಗಳು ಒಮ್ಮೆ ಆ ಗುಡಿಗೆ ಹೋಗಿಬರಬಹುದು.

ದೊರೆಯ ದೈವಭಕ್ತಿ ಆಡಂಬರದ್ದಾಗಿತ್ತೇ? ರಾಜಭಕ್ತಿಯಲ್ಲಿ ಆಡಂಬರ ಇದ್ದೇ ಇರುತ್ತದೆ. ಚಾಮುಂಡಿಬೆಟ್ಟದ ಗೋಪುರ, ಅರಮನೆಯ ಪ್ರಸನ್ನಕೃಷ್ಣಸ್ವಾಮಿ ದೇವಸ್ಥಾನ, ನಂಜನಗೂಡಿನ ಮಹಾದ್ವಾರದ ಎತ್ತರದ ಗೋಪುರ ಇವೆಲ್ಲ ಅವರ ಕಾಲದವು. ದೇವತೆಗಳ ಧ್ಯಾನಶ್ಲೋಕಗಳನ್ನೂ ಚಿತ್ರಗಳನ್ನೂ ಒಂಬತ್ತು ನಿಧಿಗಳಲ್ಲಿ ಕೂಡಿಸಿಟ್ಟ ‘ಶ್ರೀತತ್ತ್ವನಿಧಿ’ ಅವರ ಆಶ್ರಯದಲ್ಲೇ ಸಿದ್ಧವಾಯಿತು. ಆದರೆ ಅವರನ್ನು ಅರ್ಥಮಾಡಿಕೊಳ್ಳಲು ಇವೆಲ್ಲಕ್ಕಿಂತ ಒಂದು ವಿಗ್ರಹವನ್ನು ನೋಡುವುದು ಮೇಲು. ಚಾಮುಂಡೇಶ್ವರಿಯ ಗುಡಿಯೊಳಗೆ ಮೂವರು ರಾಣಿಯರ ಜೊತೆ ಆಳೆತ್ತರದ ದೊರೆ ಕೈಮುಗಿದು ನಿಂತಿದ್ದಾರೆ. ಪೀಠದ ಮೇಲೆ ಹೆಸರು ಕೊರೆದಿದೆ. ನೂರಾರು ಜನ ಸಾಲಿನಲ್ಲಿ ಮುಂದೆ ಸರಿಯುವಾಗ ಅವರನ್ನು ಗಮನಿಸದೆ ದಾಟಿಹೋಗುತ್ತಾರೆ. ದೊರೆಯೂ ಭಕ್ತರಲ್ಲೊಬ್ಬರು, ಅಷ್ಟೆ.

ಪ್ರಾರ್ಥನೆ ಒಂದು ಕಡೆ, ಕಾಗದ ಇನ್ನೊಂದು ಕಡೆ

1865ರ ಜೂನ್ 18ರಂದು ದತ್ತುಸ್ವೀಕಾರ ನಡೆಯಿತು. ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು, ಹೆಸರು ಚಾಮರಾಜೇಂದ್ರ. ತಾಯಿ ಚಾಮುಂಡಿಯ ನೆನಪೂ, ದತ್ತುಪುತ್ರನಾಗಿ ಬಂದಿದ್ದ ತಂದೆಯ ನೆನಪೂ ಒಂದೇ ಹೆಸರಿನಲ್ಲಿ ಸೇರಿಕೊಂಡವು. ಹಿಂದೂ ಧರ್ಮಶಾಸ್ತ್ರದ ಪ್ರಕಾರ ಮಗು ಅಂದಿಗೇ ಮಗನಾಯಿತು. ಕಲ್ಕತ್ತೆಯ ಸರಕಾರ ಮಾತ್ರ ಒಪ್ಪಲಿಲ್ಲ. ಖಾಸಗಿ ಆಸ್ತಿಗೆ ಮಗನಾದರೆ ಆಗಲಿ, ರಾಜ್ಯಕ್ಕೆ ಬಾಧ್ಯನಲ್ಲ ಎಂಬುದು ಗವರ್ನರ್ ಜನರಲ್ ಜಾನ್ ಲಾರೆನ್ಸ್ ಹಿಡಿದ ಪಟ್ಟು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಸಂಗತಿಯಿದೆ. ದೇವರ ಮೇಲೆ ಭಾರ ಹಾಕಿ ದೊರೆ ಕೈಕಟ್ಟಿ ಕೂರಲಿಲ್ಲ. ಪೂಜೆ ನಡೆದಿತ್ತು, ಅರ್ಜಿಗಳೂ ಹೋಗುತ್ತಿದ್ದವು. ಲಂಡನ್ನಿನಲ್ಲಿ ಮೈಸೂರಿನ ಪರವಾಗಿ ಮಾತನಾಡುವವರು ಹುಟ್ಟಿಕೊಂಡರು. ಮೇಜರ್ ಇವಾನ್ಸ್ ಬೆಲ್ ಎಂಬ ಇಂಗ್ಲಿಷರವನೇ 1865ರಲ್ಲಿ ಮೈಸೂರಿನ ಹಕ್ಕನ್ನು ಸಮರ್ಥಿಸಿ ಪುಸ್ತಕ ಪ್ರಕಟಿಸಿದ. ಕೊನೆಗೆ 1867ರ ಏಪ್ರಿಲ್‌ನಲ್ಲಿ ಇಂಡಿಯಾ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಕಲ್ಕತ್ತೆಯ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು ದತ್ತಕವನ್ನು ಒಪ್ಪಿ ಬರೆದ. ಹುಡುಗ ಪ್ರಾಪ್ತವಯಸ್ಕನಾದಾಗ ರಾಜ್ಯ ಅವನ ಕೈಗೆ ಬರಬಹುದೆಂಬ ಭರವಸೆ ಅದರಲ್ಲಿತ್ತು.

ತಮಗಾಗಿ ಮೂವತ್ತಾರು ವರ್ಷ ಬೇಡಿದ್ದು ದೊರೆಗೆ ದಕ್ಕಲಿಲ್ಲ. ಮಗನಿಗಾಗಿ ಬೇಡಿದ್ದು ಎರಡೇ ವರ್ಷದಲ್ಲಿ ದಕ್ಕಿತು. ಅದನ್ನು ಕೇಳಿಸಿಕೊಂಡು ಅವರು ಒಂದು ವರ್ಷವೂ ಬದುಕಲಿಲ್ಲ. 1868ರ ಮಾರ್ಚ್ 27ರಂದು ತೀರಿಕೊಂಡರು. ಸೆಪ್ಟೆಂಬರ್ 23ರಂದು ಹುಡುಗನಿಗೆ ಪಟ್ಟವಾಯಿತು. ಅವನಿಗೂ ಐದೇ ವರ್ಷ.

ಪಟ್ಟವಾದರೇನು, ಪಾಠ ತಪ್ಪಲಿಲ್ಲ. ಕರ್ನಲ್ ಮ್ಯಾಲೆಸನ್, ಆಮೇಲೆ ಗಾರ್ಡನ್ ಅವರ ಮೇಲ್ವಿಚಾರಣೆಯಲ್ಲಿ ಓದಿದ ಚಾಮರಾಜೇಂದ್ರರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿ ಬಂತು. ತರೀಕೆರೆಯ ದಂಗೆಯ ಹೊಗೆಯಲ್ಲಿ ಹೋದದ್ದು ಐವತ್ತು ವರ್ಷದ ನಂತರ ದತ್ತುಮಗನ ಹೆಸರಿನಲ್ಲಿ ಹಿಂತಿರುಗಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಯೋಜನೆಯಂತೆ ಪ್ರಜಾಪ್ರತಿನಿಧಿ ಸಭೆ ಸೇರಿತು. ಕಡೂರು, ಅಜ್ಜಂಪುರಗಳನ್ನು ಹಾದು ಹರಿಹರಕ್ಕೆ ಹೋಗುವ ರೈಲುದಾರಿ 1889ರ ಹೊತ್ತಿಗೆ ಪೂರ್ತಿಯಾದದ್ದು ಅವರ ಆಳ್ವಿಕೆಯಲ್ಲೇ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಗಾಡಿ ಓಡಿದ್ದು 1899ರಲ್ಲಿ. ಅಷ್ಟರೊಳಗೆ, 1894ರ ಡಿಸೆಂಬರ್‌ನಲ್ಲಿ, ಅವರು ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮೂವತ್ತೊಂದೇ ವರ್ಷ. ಮೈಸೂರು ಸಂಸ್ಥಾನದ ನಾಡಗೀತೆಯಾದ ‘ಕಾಯೌ ಶ್ರೀ ಗೌರಿ’ಯನ್ನು ಬಸವಪ್ಪ ಶಾಸ್ತ್ರಿಗಳು ರಚಿಸಿದ್ದು ಅವರ ಕಾಲದಲ್ಲಿ. ಅದೂ ಒಂದು ಪ್ರಾರ್ಥನೆಯೇ.

ಅರಮನೆಯಲ್ಲಿ ದತ್ತಕ ಅಲ್ಲಿಗೆ ಮುಗಿಯಲಿಲ್ಲ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಯದುವೀರರನ್ನು ದತ್ತು ತೆಗೆದುಕೊಂಡದ್ದನ್ನು ಜನ ಟೀವಿಯಲ್ಲೇ ನೋಡಿದರು. ಅಲಮೇಲಮ್ಮನ ಶಾಪದ ಮಾತು ಆಗಲೂ ಎದ್ದಿತು. ಚಾಮರಾಜೇಂದ್ರರಿಗೆ ಸ್ವಂತ ಮಕ್ಕಳಿದ್ದರು, ನಾಲ್ವಡಿ ಕೃಷ್ಣರಾಜರು ಅವರ ಮಗನೇ ಎಂಬುದನ್ನು ಶಾಪದ ಕತೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಈಗ ಅರ್ಜಿ ಯಾರಿಗೆ?

ಮಗುವಿಲ್ಲದ ದಂಪತಿ ಅಂತರಘಟ್ಟೆಯ ದುರ್ಗಾಂಬೆಗೋ ಕಲ್ಲತ್ತಿಗಿರಿಯ ವೀರಭದ್ರನಿಗೋ ಹರಕೆ ಹೊತ್ತರೆ ತಪ್ಪೇನೂ ಇಲ್ಲ. ಆದರೆ ಕಾಗದವೂ ಬೇಕು. ಆಸ್ಪತ್ರೆಯಲ್ಲೋ ಮಧ್ಯವರ್ತಿಯ ಮನೆಯಲ್ಲೋ ಕೈಗೆ ಕೈಯಾಗಿ ಮಗು ಪಡೆಯುವುದು ದತ್ತಕವಲ್ಲ, ಅಪರಾಧ. 1956ರ ಹಿಂದೂ ದತ್ತಕ ಕಾಯಿದೆಯಲ್ಲಿ ದತ್ತಹೋಮ ಕಡ್ಡಾಯವಲ್ಲ; ಹೆತ್ತವರು ಕೊಡುವುದು, ಸಾಕುವವರು ಪಡೆಯುವುದು ನಿಜವಾಗಿ ನಡೆದಿರಬೇಕು. ಅನಾಥ ಅಥವಾ ತೊರೆದ ಮಗುವನ್ನು ಪಡೆಯುವುದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ಆಮೇಲೆ ಸರದಿ. ಆರೋಗ್ಯವಂತ ಎಳೆಮಗು ಬೇಕೆನ್ನುವವರು ಮೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಗುತ್ತದೆ. ಮುಮ್ಮಡಿಯವರು ಮಗನ ಮಾನ್ಯತೆಗೆ ಕಾದದ್ದಕ್ಕಿಂತ ಇದು ಹೆಚ್ಚು!

2022ರ ಸೆಪ್ಟೆಂಬರ್‌ನಿಂದ ದತ್ತಕದ ಆದೇಶ ಕೊಡುವವರು ನ್ಯಾಯಾಲಯದವರಲ್ಲ, ಜಿಲ್ಲಾಧಿಕಾರಿ. ಕಡೂರಿನವರಾಗಲಿ, ತರೀಕೆರೆಯವರಾಗಲಿ, ಅಜ್ಜಂಪುರದವರಾಗಲಿ, ಕಡತ ಹೋಗುವುದು ಚಿಕ್ಕಮಗಳೂರಿಗೆ. ಆದೇಶ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗು ಹೇಗಿದೆಯೆಂದು ನೋಡಿ ವರದಿ ಬರೆಯುತ್ತಾರೆ. 1865ರಲ್ಲಿ ಯಾರಿಗೂ ಹೊಳೆಯದಿದ್ದ ಒಂದು ಪ್ರಶ್ನೆಯೂ ಈಗ ನಿಯಮದಲ್ಲಿದೆ: ಮಗುವಿಗೆ ಐದು ವರ್ಷ ದಾಟಿದ್ದರೆ, ಈ ಮನೆಗೆ ಬರಲು ನಿನಗೆ ಒಪ್ಪಿಗೆಯೇ ಎಂದು ಮೊದಲು ಅದನ್ನೇ ಕೇಳಬೇಕು.