ಲಂಕೆಯ ಭಾಷಾಕಲಹ: ಒಂದು ಶಾಸನದ ಬೆಲೆ

ಭಾಷೆಯೆಂಬುದು ಬರಿಯ ಅಭಿಮಾನದ ವಿಷಯವಲ್ಲ. ಅನ್ನದ ವಿಷಯವೂ ಹೌದು. ಗಿರಾಕಿಯೊಡನೆ ಮರಾಠಿಯನ್ನೋ ಹಿಂದಿಯನ್ನೋ ಆಡಿ, ಒಳಗೆ ಅಡಿಗೆಮನೆಯಲ್ಲಿ ಕನ್ನಡದಲ್ಲಿ ಕಷ್ಟಸುಖ ಹೇಳಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ನೆರೆಯ ಶ್ರೀಲಂಕೆಯ ಕಥೆಯನ್ನು ನಾವು ಪರರ ಕಥೆಯೆಂದು ತಳ್ಳಿಬಿಡಲಾಗದು.

1948ರಲ್ಲಿ ಸಿಲೋನ್ ಸ್ವತಂತ್ರವಾದಾಗ ಅಲ್ಲಿನ ಕಚೇರಿಗಳ ಭಾಷೆ ಇಂಗ್ಲಿಷಾಗಿತ್ತು. ಉತ್ತರದ ಜಾಫ್ನಾ ಸೀಮೆಯಲ್ಲಿ ಬೇಸಾಯಕ್ಕೆ ನೀರು ಕಡಮೆ, ಮಿಶನರಿ ಶಾಲೆಗಳು ಹೆಚ್ಚು. ಅಲ್ಲಿನ ತಮಿಳರು ಇಂಗ್ಲಿಷು ಕಲಿತು ಸರಕಾರಿ ನೌಕರಿಗಳಲ್ಲಿ ತಮ್ಮ ಸಂಖ್ಯೆಗೆ ಮೀರಿದ ಪಾಲು ಪಡೆದರು. ಇಂಗ್ಲಿಷು ಬಾರದ ಸಿಂಹಳ ಹಳ್ಳಿಗರ ಮಕ್ಕಳಿಗೆ ಕಚೇರಿಯ ಬಾಗಿಲು ಮುಚ್ಚಿಯೇ ಇತ್ತು. ಅವರ ಅಸಮಾಧಾನ ಸುಳ್ಳಲ್ಲ; ಆದರೆ ಅದಕ್ಕೆ ಹುಡುಕಿದ ಮದ್ದು ರೋಗಕ್ಕಿಂತಲೂ ಕೇಡಾಯಿತು.

1956ರಲ್ಲಿ ಬಂಡಾರನಾಯಿಕೆಯವರ ಸರಕಾರ ಸಿಂಹಳವೊಂದೇ ರಾಜ್ಯಭಾಷೆಯೆಂದು ಶಾಸನ ಮಾಡಿತು. ತಮಿಳು ಗುಮಾಸ್ತನು ಬಡತಿಗಾಗಿ ಸಿಂಹಳದ ಪರೀಕ್ಷೆಗೆ ಕೂರಬೇಕಾಯಿತು. ಕೊಲಂಬೊದಲ್ಲಿ ಸತ್ಯಾಗ್ರಹ ಹೂಡಿದ ತಮಿಳು ನಾಯಕರು ಪೆಟ್ಟು ತಿಂದರು. ಎರಡು ಭಾಷೆಗಳಾದರೆ ಒಂದು ರಾಷ್ಟ್ರ, ಒಂದೇ ಭಾಷೆಯಾದರೆ ಎರಡು ರಾಷ್ಟ್ರವೆಂದು ಸಂಸತ್ತಿನಲ್ಲಿ ಎಚ್ಚರಿಸಿದವರು ಸ್ವತಃ ಸಿಂಹಳೀಯರಾದ ಕಾಲ್ವಿನ್ ಆರ್. ಡಿ ಸಿಲ್ವ. ಯಾರೂ ಕಿವಿಗೊಡಲಿಲ್ಲ. 1957ರಲ್ಲಿ ತಮಿಳು ನಾಯಕ ಚೆಲ್ವನಾಯಗಂ ಅವರೊಡನೆ ಮಾಡಿಕೊಂಡ ಒಪ್ಪಂದವನ್ನು ಬಂಡಾರನಾಯಿಕೆಯವರು ವಿರೋಧಕ್ಕೆ ಮಣಿದು ಮರುವರ್ಷವೇ ಕೈಬಿಟ್ಟರು. ಆ ವರ್ಷವೇ ಘೋರವಾದ ದಂಗೆ ನಡೆಯಿತು. 1959ರಲ್ಲಿ ಅವರೇ ಒಬ್ಬ ಬೌದ್ಧ ಭಿಕ್ಷುವಿನ ಗುಂಡಿಗೆ ಬಲಿಯಾದರು.

ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯ ಸೇರಲು ತಮಿಳು ವಿದ್ಯಾರ್ಥಿಗಳಿಗೆ ಹೆಚ್ಚಿನ ಅಂಕಗಳ ಕಟ್ಟಳೆ ಬಂತು. ಓದಿದ ತರುಣರು ಹತಾಶರಾದರು. 1976ರಲ್ಲಿ ಹಿರಿಯ ನಾಯಕರೇ ಪ್ರತ್ಯೇಕ ರಾಜ್ಯವನ್ನು ಕೇಳಿದರು. 1981ರಲ್ಲಿ ಜಾಫ್ನಾ ಗ್ರಂಥಾಲಯವನ್ನು ಸುಟ್ಟಾಗ 90,000ಕ್ಕೂ ಮಿಕ್ಕಿದ ಗ್ರಂಥಗಳು ಬೂದಿಯಾದವು. 1983ರ ಜುಲೈಯಲ್ಲಿ ತಮಿಳು ಹುಲಿಗಳು 13 ಮಂದಿ ಸೈನಿಕರನ್ನು ಕೊಂದರು. ಅದಕ್ಕೆ ಪ್ರತಿಯಾಗಿ ಕೊಲಂಬೊದಲ್ಲಿ ನಿರಪರಾಧಿ ತಮಿಳರ ಮನೆ ಅಂಗಡಿಗಳು ಉರಿದವು. ಅಂದು ಹೊತ್ತಿದ ಯುದ್ಧ 2009ರ ಮೇ ತಿಂಗಳಲ್ಲಿ ಹುಲಿಗಳ ಸೋಲಿನೊಡನೆ ಮುಗಿಯಿತು.

ಸತ್ತವರ ಸಂಖ್ಯೆ 80,000ದಿಂದ ಒಂದು ಲಕ್ಷವೆಂದು ಅಂದಾಜು. ಹುಲಿಗಳು ಮಕ್ಕಳ ಕೈಗೆ ಬಂದೂಕು ಕೊಟ್ಟರು. 1990ರಲ್ಲಿ, ತಮಿಳನ್ನೇ ಆಡುವ ಮುಸಲ್ಮಾನರನ್ನು ಉತ್ತರದಿಂದ ಹೊರದೂಡಿದರು. ಶಾಂತಿ ಕಾಯಲು ಹೋದ ಸಾವಿರಕ್ಕೂ ಮಿಕ್ಕಿದ ಭಾರತೀಯ ಯೋಧರು ಮರಳಲಿಲ್ಲ. ಕಾಣೆಯಾದ ಮಕ್ಕಳ ಭಾವಚಿತ್ರ ಹಿಡಿದು ತಾಯಂದಿರು ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು.

ತಮಿಳೂ ರಾಜ್ಯಭಾಷೆಯೆಂದು ಸಂವಿಧಾನಕ್ಕೆ ತಿದ್ದುಪಡಿಯಾದದ್ದು 1987ರಲ್ಲಿ. 1956ರಲ್ಲಿ ಒಂದು ಸಾಲಿನಲ್ಲಿ ಬರೆಯಬಹುದಾಗಿದ್ದ ಮಾತು ಅದು. ಮೂವತ್ತೊಂದು ವರ್ಷ ತಡವಾದುದರಿಂದ ಕಾಗದದ ಮೇಲೆ ಬಂದರೂ ಬೆಂಕಿಯನ್ನು ಆರಿಸಲಾರದೆ ಹೋಯಿತು.

ನಮ್ಮ ನುಡಿಯನ್ನು ನಾವು ಪ್ರೀತಿಸೋಣ, ಮಕ್ಕಳಿಗೆ ಕಲಿಸೋಣ. ಅನ್ನವಿತ್ತ ಊರಿನ ನುಡಿಯನ್ನೂ ಮನಸಾರೆ ಕಲಿಯೋಣ. ಆದರೆ ಪಕ್ಕದವನ ನಾಲಗೆಯನ್ನು ಕಟ್ಟಿ ತನ್ನ ನುಡಿಯನ್ನು ಬೆಳೆಸಹೊರಟವನು ಕೊನೆಗೆ ತನ್ನ ಮನೆಯನ್ನೂ ಉಳಿಸಿಕೊಳ್ಳಲಾರನೆಂಬುದನ್ನು ಲಂಕೆಯಿಂದ ನಾವು ಕಲಿಯಬೇಕು.