ತಿಗಣೆಗೆ ಮೊದಲ ಮದ್ದು ಎಣಿಕೆ

ಮುಟ್ಟಿದರೆ ಗಬ್ಬು ನಾರುವ ಹಸಿರು ತಿಗಣೆ ಕಾಯಿಯನ್ನು ಕಚ್ಚಿ ತಿನ್ನುವುದಿಲ್ಲ. ಸೂಜಿಯಂಥ ಬಾಯನ್ನು ಸಿಪ್ಪೆ ದಾಟಿಸಿ ಕಾಳಿಗೇ ಇಳಿಸುತ್ತದೆ, ಜೊಲ್ಲು ಬಿಟ್ಟು ಕರಗಿದ್ದನ್ನು ಹೀರುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣಬಹುದು. ಸುಲಿದರೆ ಸುಕ್ಕುಗಟ್ಟಿ ಕಲೆಬಿದ್ದ ಕಾಳು. ಹಾನಿ ಹೀಗೆ ಮರೆಯಲ್ಲಿ ನಡೆಯುವುದರಿಂದ, ಒಂದೆರಡು ತಿಗಣೆ ಕಂಡರೂ ಔಷಧಿ ಹೊಡೆಯುವ ಮನಸ್ಸಾಗುವುದು ಸಹಜ. ಆದರೆ ಬ್ರೆಜಿಲ್‌ನ ಸೋಯಾ ಅವರೆ ಹೊಲಗಳಲ್ಲಿ 1970ರ ದಶಕದಲ್ಲಿ ಶುರುವಾದ ಸಮಗ್ರ ಕೀಟ ನಿರ್ವಹಣೆಯ ಜೀವಾಳ ಔಷಧಿಯಲ್ಲ, ಎಣಿಕೆ. ಸಾಲಿನ ಪಕ್ಕ ಒಂದು ಮೀಟರ್ ಬಿಳಿ ಬಟ್ಟೆ ಹಾಸಿ, ಗಿಡಗಳನ್ನು ಅದರ ಮೇಲೆ ಬಾಗಿಸಿ ಕೊಡವಿ, ಬಿದ್ದದ್ದನ್ನು ಎಣಿಸುತ್ತಾರೆ. ಅರ್ಧ ಸೆಂಟಿಮೀಟರ್ ಮೀರಿ ಬೆಳೆದ ತಿಗಣೆಗಳು ಮೀಟರಿಗೆ 2 ಸಿಕ್ಕರೆ ಸಿಂಪಡಣೆ, ಬಿತ್ತನೆ ಬೀಜದ ಹೊಲವಾದರೆ 1 ಸಿಕ್ಕರೂ ಸಾಕು ಎಂಬುದು ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ಲೆಕ್ಕ. ಅದೂ ಕಾಯಿ ಕಟ್ಟಿದ ಮೇಲೆ. ಹೂವಿನ ಹಂತದಲ್ಲಿ ಬಂದ ತಿಗಣೆಗೆ ಹೀರಲು ಕಾಳೇ ಇರುವುದಿಲ್ಲ.

ಕಾಯುತ್ತ ಕೂತರೆ ಅಷ್ಟರಲ್ಲಿ ಸಂತತಿ ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎಲೆಯ ಅಡಿಯಲ್ಲಿದೆ. ಹಸಿರು ತಿಗಣೆ ಅಲ್ಲಿ ಹತ್ತಾರು ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಮಿಲಿಮೀಟರಿನಷ್ಟೇ ಉದ್ದದ ಕಪ್ಪು ಕಣಜ, ಟ್ರಿಸ್ಸೋಲ್ಕಸ್ ಬಸಾಲಿಸ್, ತಿಗಣೆ ನಡೆದ ಜಾಡಿನಲ್ಲಿ ಉಳಿದ ವಾಸನೆ ಹಿಡಿದು ಬಂದು ಒಂದೊಂದು ಮೊಟ್ಟೆಯೊಳಗೂ ತನ್ನದೊಂದನ್ನು ಇಡುತ್ತದೆ. ಕೆನೆಬಣ್ಣದ ಮೊಟ್ಟೆ ಕಪ್ಪಾಗುತ್ತದೆ. ಅದನ್ನು ಒಡೆದು ಬರುವುದು ತಿಗಣೆಯ ಮರಿಯಲ್ಲ, ಇನ್ನೊಂದು ಕಣಜ. ಎಲೆ ತಿನ್ನುವ ಹುಳುಗಳಿಗೆಂದು ಹೂವಿಗೆ ಮೊದಲೇ ಕಂಡದ್ದನ್ನೆಲ್ಲ ಕೊಲ್ಲುವ ವಿಷ ಹೊಡೆದರೆ ಈ ಕಣಜವೂ ಸಾಯುತ್ತದೆ, ಆಮೇಲೆ ಪಕ್ಕದ ಹೊಲದಿಂದ ಹಾರಿಬರುವ ತಿಗಣೆಯ ಸಂತಾನಕ್ಕೆ ತಡೆಯಿಲ್ಲ. ಬೆಳೆದ ತಿಗಣೆಯನ್ನು ಕಣಜ ಮುಟ್ಟದು, ನಿಜ. ಎಣಿಕೆ ಮಿತಿ ದಾಟಿದ ದಿನ ಔಷಧಿ ಬೇಕೇ ಬೇಕು. ಆ ದಿನಕ್ಕೆಂದೇ ಅದರ ಬಲವನ್ನು ಉಳಿಸಿಕೊಳ್ಳಬೇಕು. ಪದೇಪದೇ ಎಂಡೋಸಲ್ಫಾನ್ ಬಿದ್ದ ಬ್ರೆಜಿಲ್‌ನ ಕೆಲವೆಡೆ ಕಂದು ತಿಗಣೆಗಳು ಅದಕ್ಕೆ ಜಗ್ಗದಂತಾದವು. ಆ ವಿಷದ ಇನ್ನೊಂದು ಮುಖವನ್ನು, ಅಂದರೆ ಮನುಷ್ಯರ ಆರೋಗ್ಯಕ್ಕೆ ಅದು ಮಾಡುವ ಹಾನಿಯನ್ನು, ದಕ್ಷಿಣ ಕನ್ನಡ, ಕಾಸರಗೋಡಿನ ಜನರಿಗೆ ಯಾರೂ ವಿವರಿಸಬೇಕಿಲ್ಲ.

ಬ್ರೆಜಿಲ್‌ನ ದೊಡ್ಡ ಜಮೀನುಗಳಿಗೆ ಒಗ್ಗಿದ್ದು ಎರಡೆಕರೆಯ ರೈತನಿಗೆ ಹೇಗೆ ಒಗ್ಗೀತು ಎನ್ನಬಹುದು. ಬಟ್ಟೆ ಹಾಸಿ ಎಣಿಸುವ ಕೆಲಸ ಸಣ್ಣ ಹೊಲದಲ್ಲೇ ಹೆಚ್ಚು ಸಲೀಸು. ತೊಗರಿ ಗಿಡ ಅಲುಗಾಡಿಸಿ ಕಾಯಿಕೊರಕ ಹುಳು ಉದುರಿಸುವುದು ಕಲಬುರಗಿ ಕಡೆಯವರಿಗೆ ಹೊಸದೂ ಅಲ್ಲ. ಆದರೆ ಸೋಯಾದ ಅಂಕಿಯನ್ನು ತೊಗರಿಗೋ ಅವರೆಗೋ ಹಾಗೇ ಎತ್ತಿಕೊಳ್ಳಬೇಡಿ, ಗಿಡದ ಎತ್ತರವೂ ಸಾಲಿನ ಅಂತರವೂ ಬೇರೆ. ನಿಮ್ಮ ಬೆಳೆಯ ಮಿತಿ ಎಷ್ಟೆಂದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಕಾಯಿ ಕಟ್ಟಿದಂದಿನಿಂದ ವಾರಕ್ಕೊಮ್ಮೆಯಾದರೂ ಎಣಿಸಿ.